ಎಷ್ಟು ವ್ಯಾಟ್ ಎಂದು ಕೇಳುವ ಮೊದಲು

ಸೌದಿ ಅರೇಬಿಯಾದ ಪೂರ್ವ ಪ್ರಾಂತ್ಯದಲ್ಲಿ, ಅಂದರೆ ದಮಾಮ್, ಅಲ್ ಖೋಬರ್, ಧಹ್ರಾನ್, ಜುಬೈಲ್‌ಗಳಲ್ಲಿ ಮನೆ ಮಾಡಿಕೊಂಡಿರುವ, ಹಾಡು ಕೇಳುವ ಚಟವಿರುವ ಎಲ್ಲ ಕನ್ನಡಿಗರಿಗೆ ಈ ಪತ್ರ. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ನವಾಯತಿ ಮಾತಾಡುವವರೂ ಇದರಲ್ಲಿ ಸೇರಿದರು. ನಮ್ಮ ಕೂಟಗಳಲ್ಲಿ ಅರ್ಧಕ್ಕರ್ಧ ನೀವೇ ಅಲ್ಲವೇ.

ಈಚೆಗೆ ಯಾರ ಮನೆಗೆ ಊಟಕ್ಕೆ ಹೋದರೂ ಊಟಕ್ಕೆ ಮೊದಲು ಸ್ಪೀಕರ್ ದರ್ಶನ. ಎದೆಯೆತ್ತರದ ಎರಡು ಕಂಬ, ಮೂಲೆಯಲ್ಲೊಂದು ಸಬ್‌ವೂಫರ್, ಟಿವಿಯ ಕೆಳಗೆ ಸೌಂಡ್‌ಬಾರ್. ಎಷ್ಟು ವ್ಯಾಟ್ ಎಂಬ ಪ್ರಶ್ನೆ, ಸಾವಿರ ಎಂಬ ಉತ್ತರ, ಭೇಷ್ ಎಂಬ ಉದ್ಗಾರ. ಆಮೇಲೆ ಸಿ. ಅಶ್ವಥ್ ಹಾಡಿದ ಷರೀಫರ ತತ್ವಪದವೊಂದನ್ನು ಹಾಕುತ್ತಾರೆ. ಕಿಟಕಿಯ ಗಾಜು ನಡುಗುತ್ತದೆ, ಪದ ಒಂದೂ ತಿಳಿಯುವುದಿಲ್ಲ. ಷರೀಫರು ಏನು ಹೇಳಿದರು ಎಂದು ಕೇಳುವ ಧೈರ್ಯ ಯಾರಿಗೂ ಇಲ್ಲ. ಅಷ್ಟರಲ್ಲಿ ಬಿರಿಯಾನಿ ತಣ್ಣಗಾಗಿರುತ್ತದೆ.

ನನ್ನ ತಕರಾರು ಇಷ್ಟೆ. ಇಲ್ಲಿನ ಫ್ಲ್ಯಾಟುಗಳಲ್ಲಿ ಹಾಡು ಕೆಡುವುದು ಸ್ಪೀಕರ್ ಸಣ್ಣದಾದ್ದರಿಂದ ಅಲ್ಲ, ಕೋಣೆ ಬೋಳಾಗಿರುವುದರಿಂದ. ವ್ಯಾಟ್ ಏರಿಸಿದಷ್ಟೂ ಕೋಣೆಯ ಗದ್ದಲವೂ ಏರುತ್ತದೆ, ಹಾಡುವವರ ಮಾತು ಅಲ್ಲೇ ಉಳಿಯುತ್ತದೆ. ವ್ಯಾಟ್ ಎರಡರಷ್ಟಾದರೆ ಸದ್ದು ಹೆಚ್ಚುವುದು ಮೂರೇ ಡೆಸಿಬೆಲ್, ಕಿವಿಗೆ ‘ಒಂಚೂರು ಜೋರಾಯಿತು’ ಅನ್ನಿಸುವಷ್ಟು. ನಿಜಕ್ಕೂ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಹತ್ತು ಪಟ್ಟು ವ್ಯಾಟ್ ಬೇಕು. ಕುರ್ಚಿ ಎಳೆದುಕೊಂಡು ಸ್ಪೀಕರಿನ ಹತ್ತಿರ ಕೂತರೆ ಅದರಲ್ಲಿ ಬಹುಪಾಲು ಬಿಟ್ಟಿಯಾಗಿ ಸಿಗುತ್ತದೆ.

ನಮಗೆ ಸ್ಪೀಕರ್ ಬೇಕಾದದ್ದಾದರೂ ಏತಕ್ಕೆ? ಜುಬೈಲ್ ಮತ್ತು ಯಾನ್ಬು ಕೈಗಾರಿಕಾ ನಗರಗಳಿಗಾಗಿ ರಾಯಲ್ ಕಮಿಷನ್ ಸ್ಥಾಪನೆಯಾದದ್ದು 1975ರಲ್ಲಿ. ಆ ಸುಮಾರಿಗೆ ಕರಾವಳಿಯಿಂದ ಕೊಲ್ಲಿಗೆ ಬಂದವರು ರಜೆಗೆ ಊರಿಗೆ ಹೋಗುವಾಗ ಕೈಯಲ್ಲಿ ಹಿಡಿದುಕೊಂಡು ಹೋಗುತ್ತಿದ್ದದ್ದು ಟೂ-ಇನ್-ಒನ್. ಅದು ಮಂಗಳೂರು, ಉಡುಪಿ, ಭಟ್ಕಳದ ಮನೆಗಳಲ್ಲಿ ಕಸೂತಿ ಬಟ್ಟೆ ಹೊದ್ದುಕೊಂಡು ಕೂತಿತು. ಹಿಂದಕ್ಕೆ ಬರುತ್ತಿದ್ದದ್ದು ಕ್ಯಾಸೆಟ್. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ ಬಂದದ್ದು 1978ರಲ್ಲಿ. ಕನ್ನಡ ಭಾವಗೀತೆಗಳು ಕ್ಯಾಸೆಟ್ ಹತ್ತಿದ್ದು ಅದರಿಂದಲೇ. ಅದರ ಜೊತೆಗೆ ಮನೆಯವರ ದನಿ ತುಂಬಿದ ಕ್ಯಾಸೆಟ್‌ಗಳೂ ಬರುತ್ತಿದ್ದವು. ಕಾಗದ ಬರೆಯಲು ಬಾರದ ತಾಯಂದಿರು ಅದರಲ್ಲೇ ಮಾತಾಡಿ, ಬೈದು, ಅತ್ತು, ಕೊನೆಗೆ ಮೀನಿನ ರೇಟು ಹೇಳಿ ಕಳಿಸುತ್ತಿದ್ದರು. ಆಗಿನಿಂದ ಈಗಿನವರೆಗೂ ನಾವಿಲ್ಲಿ ಸ್ಪೀಕರಿಗೆ ಕಿವಿಗೊಟ್ಟು ಕೂತದ್ದು ಮನುಷ್ಯರ ದನಿಗಾಗಿ. ಸಿನಿಮಾದ ಬಾಂಬು ಸಿಡಿಯುವ ಸದ್ದಿಗೆ ಬೇರೆ ಯಂತ್ರವಿರಲಿ, ಅದಕ್ಕೆ ನನ್ನ ಅಡ್ಡಿ ಇಲ್ಲ.

ನನ್ನ ಮನೆಯಲ್ಲಿರುವುದು ಬಿಬಿಸಿಯ ಎಲ್‌ಎಸ್ 3/5ಎ ಎಂಬ ಜೋಡಿ. ಎಕ್ಸಿಟ್ ವೀಸಾ ಹೊಡೆಸಿಕೊಂಡು ಊರಿಗೆ ಹೊರಟಿದ್ದ ಇಂಗ್ಲಿಷ್ ಎಂಜಿನಿಯರೊಬ್ಬರಿಂದ ಕೊಂಡದ್ದು. ನೋಡಿದವರೆಲ್ಲ ‘ಇದರ ದೊಡ್ಡಣ್ಣ ಎಲ್ಲಿ?’ ಎಂದೇ ಕೇಳುತ್ತಾರೆ. ಎತ್ತರ ಒಂದು ಅಡಿ, ಅಗಲ ಒಂದು ಗೇಣಿಗೂ ಕಡಿಮೆ, ತೂಕ ಐದು ಕೆಜಿಯ ಆಸುಪಾಸು. ಮುಂದಿನ ಕಪ್ಪು ಬಟ್ಟೆಯ ಚೌಕಟ್ಟನ್ನು ಕಿತ್ತರೆ ಚರ್ರ್ ಎಂದು ವೆಲ್ಕ್ರೊ ಬಿಡುತ್ತದೆ. ಒಳಗೆ ಮೇಲ್ಗಡೆ ಸಣ್ಣ ಟ್ವೀಟರ್, ಅದರ ಮೇಲೆ ತೂತುತೂತಿನ ಲೋಹದ ಮುಚ್ಚಳ, ಸುತ್ತ ನಾಲ್ಕೂ ಕಡೆ ದಪ್ಪ ಉಣ್ಣೆಯ ಪಟ್ಟಿ. ಟ್ವೀಟರಿನ ಸದ್ದು ಪೆಟ್ಟಿಗೆಯ ಅಂಚಿಗೆ ಬಡಿದು ಚೆದರಬಾರದು ಎಂದು ಆ ಪಟ್ಟಿ. ಕೆಳಗಿನ ಕೋನ್ ಕಾಗದದ್ದಲ್ಲ, ಬೆಕ್ಸ್‌ಟ್ರೀನ್ ಎಂಬ ಪ್ಲಾಸ್ಟಿಕ್. ಬೆರಳಿಟ್ಟು ನೋಡಿದರೆ ಅದಕ್ಕೆ ಬಳಿದಿರುವ ಲೇಪದ ಗೆರೆಗಳು ಕಾಣುತ್ತವೆ. ಹಿಂದೆ ಮುಂದೆ ಎಲ್ಲೂ ತೂತಿಲ್ಲ, ಪೂರಾ ಮುಚ್ಚಿದ ಪೆಟ್ಟಿಗೆ. 80 ಹರ್ಟ್ಸ್‌ಗಿಂತ ಕೆಳಗಿನ ಸದ್ದನ್ನು ಇದು ಹೆಚ್ಚು ಮುಟ್ಟುವುದೇ ಇಲ್ಲ.

ಇಂಥದ್ದನ್ನು ಬಿಬಿಸಿಯವರು ಯಾಕೆ ಮಾಡಿದರು ಎಂಬುದು ಕೇಳತಕ್ಕ ಕಥೆ. ಸ್ಟುಡಿಯೋ ಕಟ್ಟುವ ಮೊದಲು ಅದರಲ್ಲಿ ಸದ್ದು ಹೇಗೆ ಕೇಳೀತು ಎಂದು ತಿಳಿಯಲು ಅವರ ಸಂಶೋಧನಾ ವಿಭಾಗದವರು ಎಂಟರಲ್ಲಿ ಒಂದು ಅಳತೆಯ ಮಾದರಿ ಕೋಣೆ ಕಟ್ಟುತ್ತಿದ್ದರು. ಆ ಪುಟ್ಟ ಕೋಣೆಯೊಳಗೆ ಸಂಗೀತ ನುಡಿಸಲು ಪುಟ್ಟ ಸ್ಪೀಕರ್ ಬೇಕಾಯಿತು. ಮಾಡಿದ್ದು ಅಷ್ಟು ಚೆನ್ನಾಗಿ ಬಂದದ್ದರಿಂದ ಅದನ್ನೇ ತಿದ್ದಿ, ಹೊರಾಂಗಣ ಪ್ರಸಾರಕ್ಕೆ ಹೋಗುವ ವ್ಯಾನಿನಲ್ಲಿ, ಕಾಲು ಚಾಚಲೂ ಜಾಗವಿಲ್ಲದ ಕಡೆ, ವರದಿಗಾರರ ಮಾತು ಸರಿಯಾಗಿ ಬರುತ್ತಿದೆಯೇ ಎಂದು ನೋಡಲು ಇಟ್ಟುಕೊಂಡರು. ಅದು 1970ರ ದಶಕ. ಆಮೇಲೆ ಪರವಾನಗಿ ಪಡೆದ ಕಂಪನಿಗಳು ಮನೆಗಳಿಗೂ ಮಾರಿದವು. ಕೋಣೆಯನ್ನು ಅರಿಯಲು ಹೊರಟವರ ಕೈಯಲ್ಲಿ ಹುಟ್ಟಿದ ಸ್ಪೀಕರ್ ಇದು. (ಸ್ಪೀಕರ್ ತಂದರೆ ಮನೆಯಲ್ಲಿ ಜಗಳ ಎನ್ನುವವರಿಗೆ ಒಂದು ಮಾತು. ಅದೇ ಬಿಬಿಸಿಯ ಸ್ಪೆನ್ಸರ್ ಹ್ಯೂಸ್ 1969ರಲ್ಲಿ ಸ್ವಂತ ಕಂಪನಿ ತೆಗೆದಾಗ ತನ್ನ ಹೆಸರಿಗೆ ಹೆಂಡತಿ ಡೊರೊತಿಯ ಹೆಸರು ಸೇರಿಸಿ ಸ್ಪೆಂಡರ್ ಎಂದು ಕರೆದ. ಸಹೋದ್ಯೋಗಿ ಹಾರ್‌ವುಡ್ ಕೂಡ 1977ರಲ್ಲಿ ಹೆಂಡತಿ ಎಲಿಜಬೆತ್‌ಳ ಹೆಸರು ಸೇರಿಸಿ ಹಾರ್ಬೆತ್ ಎಂದಿಟ್ಟ. ಪ್ರಯತ್ನಿಸಿ ನೋಡಬಹುದು.)

ಕೊಳ್ಳುವ ಮುನ್ನ ಆ ಇಂಗ್ಲಿಷರ ಮನೆಯಲ್ಲಿ ಕೇಳಿದಾಗ ಹಾಡುಗಾರ್ತಿ ಎರಡು ಪೆಟ್ಟಿಗೆಗಳ ನಡುವೆ, ಯಾವ ಪೆಟ್ಟಿಗೆಯೂ ಇಲ್ಲದ ಜಾಗದಲ್ಲಿ ನಿಂತಿದ್ದಳು. ಜುಬೈಲ್‌ಗೆ ತಂದು ನಮ್ಮ ಹಾಲಿನಲ್ಲಿ ಹಚ್ಚಿದೆ. ನೆಲಕ್ಕೆ ಟೈಲ್ಸ್, ಗೋಡೆ ಸಿಮೆಂಟು, ಕಿಟಕಿಗೆ ಹತ್ತಿಯ ತೆಳು ಪರದೆ. ಅವೇ ಪೆಟ್ಟಿಗೆ, ಅದೇ ಆಂಪ್ಲಿಫೈಯರ್, ಹಾಡುಗಾರ್ತಿ ಮಾತ್ರ ಬಚ್ಚಲುಮನೆಗೆ ಹೋಗಿದ್ದಳು.

ಕಾರಣ ಸಿಕ್ಕಿದ್ದು ಕೆಲಸದ ಜೊತೆಗಾರನೊಬ್ಬನ ಮಜ್ಲಿಸ್‌ನಲ್ಲಿ. ಖತೀಫ್ ಕಡೆಯವನು, ತಲಾಲ್ ಮದ್ದಾಹ್ ಎಂದರೆ ಜೀವ ಬಿಡುತ್ತಾನೆ. ಊದ್ ಹಿಡಿದು ಹಾಡುತ್ತಿದ್ದ ಆ ಗಾಯಕ 2000ದ ಆಗಸ್ಟಿನಲ್ಲಿ ಅಬ್ಹಾ ಊರಿನ ವೇದಿಕೆಯ ಮೇಲೆಯೇ, ಟಿವಿಯಲ್ಲಿ ನಾಡೆಲ್ಲ ನೋಡುತ್ತಿದ್ದಾಗ ಕುಸಿದು ತೀರಿಕೊಂಡರು. ಈ ದೇಶದಲ್ಲಿ ಸಿನಿಮಾ ಮಂದಿರ ಮತ್ತೆ ತೆರೆದದ್ದೇ 2018ರ ಏಪ್ರಿಲ್‌ನಲ್ಲಿ. ಅದಕ್ಕೆ ಮೊದಲಿನ ದಶಕಗಳಲ್ಲಿ ಹಾಡು ಕೇಳುವುದೆಂದರೆ ಬಹುತೇಕ ಕಾರಿನಲ್ಲಿ, ಇಲ್ಲವೇ ಮಜ್ಲಿಸ್‌ನಲ್ಲಿ. ಜೊತೆಗಾರನ ಸ್ಪೀಕರ್ ಏನೂ ದೊಡ್ಡದಲ್ಲ, ಹೆಸರೂ ಅಳಿಸಿಹೋಗಿದ್ದ ಹಳೆಯ ಜೋಡಿ. ಗಹ್ವಾ ಸುರಿಯುತ್ತಾ ಅವನು ಕ್ಯಾಸೆಟ್ ಹಾಕಿದ. ಊದ್ ತಂತಿಗೆ ಕಡ್ಡಿ ತಾಗುವ ಟಿಕ್ ಶಬ್ದ, ಚರಣ ಎತ್ತುವ ಮುನ್ನ ಗಾಯಕ ಉಸಿರು ಎಳೆದುಕೊಳ್ಳುವುದು, ಎಲ್ಲ ಬಿಡಿಬಿಡಿಯಾಗಿ ಕೇಳಿದವು. ನಾನು ಸ್ಪೀಕರ್ ನೋಡುವುದು ಬಿಟ್ಟು ಕೋಣೆ ನೋಡಿದೆ. ಗೋಡೆಯಿಂದ ಗೋಡೆಗೆ ದಪ್ಪ ಕಾರ್ಪೆಟ್. ಮೂರು ಬದಿಗೂ ನೆಲದ ಮೇಲೆ ಹಾಸಿದ ಮೆತ್ತೆ, ಅದಕ್ಕೆ ಒರಗಿಸಿದ ದಿಂಬು, ಎರಡು ಕೂರುವ ಜಾಗಕ್ಕೊಂದು ಮೊಣಕೈ ಊರುವ ಗಟ್ಟಿ ಮೆತ್ತೆ. ಕಿಟಕಿಗೆ ನೆಲ ಮುಟ್ಟುವ ಎರಡು ಪದರದ ಪರದೆ.

ಇದೇ ಮೆತ್ತೆಗಳ ಕಥೆ ವಿಜ್ಞಾನದಲ್ಲೂ ಇದೆ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಹೊಸದಾಗಿ ಕಟ್ಟಿಸಿದ ಫಾಗ್ ಮ್ಯೂಸಿಯಂನ ಉಪನ್ಯಾಸ ಕೋಣೆಯಲ್ಲಿ ಹೇಳಿದ್ದು ಯಾರಿಗೂ ಅರ್ಥವಾಗುತ್ತಿರಲಿಲ್ಲ; ಒಂದು ಮಾತು ಐದು ಸೆಕೆಂಡಿಗೂ ಮೀರಿ ಗೋಡೆಗಳ ನಡುವೆ ಸುತ್ತುತ್ತಿತ್ತು. ಸರಿಮಾಡಲು ಹೇಳಿದ್ದು ವ್ಯಾಲೇಸ್ ಸೇಬಿನ್ ಎಂಬ ಎಳೆಯ ಭೌತಶಾಸ್ತ್ರದ ಮೇಷ್ಟ್ರಿಗೆ. ಆತ ಪಕ್ಕದ ಸ್ಯಾಂಡರ್ಸ್ ಥಿಯೇಟರಿನ ಕುರ್ಚಿಯ ಮೆತ್ತೆಗಳನ್ನು ರಾತ್ರಿ ಹೊತ್ತು ತರಿಸಿ ಹಾಸುವುದು, ಆರ್ಗನ್ ಕೊಳವೆಯೊಂದನ್ನು ಊದಿಸಿ ಸದ್ದು ಸಾಯುವವರೆಗೂ ಗಡಿಯಾರ ನೋಡುವುದು, ಬೆಳಗಾಗುವುದರೊಳಗೆ ಮೆತ್ತೆಗಳನ್ನು ವಾಪಸು ಇಡುವುದು, ಹೀಗೆ ಅಳೆದ. ತಾನು ಹಾಕಿದ ಬಟ್ಟೆಯಿಂದಲೂ ಲೆಕ್ಕ ಬದಲಾಗುತ್ತದೆ ಎಂದು ಗೊತ್ತಾದ ಮೇಲೆ ಪ್ರಯೋಗಕ್ಕೆಲ್ಲ ಒಂದೇ ಜೊತೆ ಬಟ್ಟೆ ತೊಟ್ಟ. ಅವನಿಂದ ಬಂದ ಸೂತ್ರವನ್ನು ಇವತ್ತಿಗೂ ಸಭಾಂಗಣ ಕಟ್ಟುವವರು ಬಳಸುತ್ತಾರೆ. ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ, ಸದ್ದು ಹೀರುವ ಮೈಯ ಲೆಕ್ಕದಿಂದ ಭಾಗಿಸಿದರೆ, ಸದ್ದು ಸಾಯಲು ಎಷ್ಟು ಸೆಕೆಂಡು ಎಂಬುದು ಸಿಗುತ್ತದೆ.

ನನ್ನ ಹಾಲಿಗೆ ಹಾಕಿ ನೋಡಿ. ಐದು ಮೀಟರ್ ಉದ್ದ, ನಾಲ್ಕು ಅಗಲ, ಮೂರು ಎತ್ತರ. ಅರವತ್ತು ಘನ ಮೀಟರ್. ಟೈಲ್ಸು ತನಗೆ ಬಡಿದ ಸದ್ದಿನಲ್ಲಿ ನೂರಕ್ಕೆ ಒಂದೋ ಎರಡೋ ಪಾಲು ಮಾತ್ರ ಹೀರುತ್ತದೆ, ದಪ್ಪ ಕಾರ್ಪೆಟ್ಟು ಮೂವತ್ತರ ಹತ್ತಿರ. ಬೋಳು ಹಾಲಿನಲ್ಲಿ ಸದ್ದು ಎರಡು ಸೆಕೆಂಡಿಗೂ ಹೆಚ್ಚು ಉಳಿಯುತ್ತದೆ. ನಾವು ಮಾತಾಡುವಾಗ ಸೆಕೆಂಡಿಗೆ ಐದು ಅಕ್ಷರ ಉದುರುತ್ತವೆ ಎಂದುಕೊಂಡರೂ, ಒಂದು ಅಕ್ಷರ ಸಾಯುವುದರೊಳಗೆ ಹತ್ತು ಅಕ್ಷರ ಅದರ ಮೇಲೆ ಬಂದು ಬಿದ್ದಿರುತ್ತವೆ. ಷರೀಫರ ಪದ ಯಾಕೆ ತಿಳಿಯಲಿಲ್ಲ ಎಂಬುದಕ್ಕೆ ಉತ್ತರ ಇದೇ. ಕಾರ್ಪೆಟ್ಟು, ಬಟ್ಟೆ ಹೊದಿಸಿದ ಸೋಫಾ, ಮಡಿಕೆ ಮಡಿಕೆಯಾಗಿ ಇಳಿಬಿದ್ದ ಪರದೆ ಬಂದರೆ ಅದೇ ಹಾಲು ಒಂದು ಸೆಕೆಂಡಿಗಿಂತ ಸಾಕಷ್ಟು ಕೆಳಗಿಳಿಯುತ್ತದೆ. ಇವೆಲ್ಲ ಸೇರಿದರೂ ನಿಮ್ಮ ಹೊಸ ಸಬ್‌ವೂಫರಿನ ಬೆಲೆಯಾಗದು.

ಸಬ್‌ವೂಫರಿನ ವಿಷಯ ಬೇರೆಯೇ ಇದೆ. ಕಾರ್ಪೆಟ್ಟು ತಗ್ಗು ಸ್ವರಗಳನ್ನು ಹೀರುವುದಿಲ್ಲ. ಎದುರುಬದುರು ಗೋಡೆಗಳ ನಡುವೆ ಕೆಲವು ಸ್ವರಗಳು ಸಿಕ್ಕಿಬಿದ್ದು ಉಬ್ಬುತ್ತವೆ. ಐದು ಮೀಟರಿನ ಗೋಡೆಗಳಿಗೆ ಅವು 34 ಹರ್ಟ್ಸ್, ಅದರ ಎರಡರಷ್ಟಾದ 69, ಹೀಗೆ. ಈಗ ಹಾರ್ಮೋನಿಯಂನ ಕಪ್ಪು ಒಂದರಲ್ಲಿ ಹಾಡುವ ಗಂಡಸಿನ ತಂಬೂರಿ ನೆನೆಸಿಕೊಳ್ಳಿ. ಅದರ ಖರಜದ ತಂತಿ ಮಂದ್ರ ಷಡ್ಜ, ಅಂದರೆ ಸರಿಯಾಗಿ 69 ಹರ್ಟ್ಸ್. ತಂಬೂರಿ ಮೀಟಿದಾಗಲೆಲ್ಲ ಆ ಒಂದು ತಂತಿಗೆ ಕೋಣೆಯೇ ದನಿಗೂಡಿಸಿ, ಉಳಿದ ಮೂರು ತಂತಿಗಳನ್ನು ನುಂಗಿಹಾಕುತ್ತದೆ. ಸಬ್‌ವೂಫರನ್ನು ಮೂಲೆಗೆ ತಳ್ಳಿದರೆ ಮುಗಿದೇ ಹೋಯಿತು. ಹಿಂದಿನ ಗೋಡೆಯೊಂದೇ ತಗ್ಗು ಸ್ವರಗಳಿಗೆ ಆರು ಡೆಸಿಬೆಲ್‌ವರೆಗೆ ಸೇರಿಸುತ್ತದೆ, ಮೂಲೆ ಇನ್ನೂ ಹೆಚ್ಚು. ನನ್ನ ಪುಟ್ಟ ಪೆಟ್ಟಿಗೆಗಳು 80ರ ಕೆಳಗೆ ಇಳಿಯದಿರುವುದು ಇಂಥ ಹಾಲಿನಲ್ಲಿ ಕೊರತೆಯಲ್ಲ, ಉಪಕಾರ.

ಈಗ ಅವು ಗೋಡೆಯಿಂದ ಒಂದು ತೋಳಿನಷ್ಟು ಮುಂದೆ, ಕಬ್ಬಿಣದ ಸ್ಟ್ಯಾಂಡಿನ ಮೇಲೆ, ಟ್ವೀಟರು ಕಿವಿಯ ಮಟ್ಟಕ್ಕೆ ಬರುವಂತೆ ನಿಂತಿವೆ. ಎರಡರ ನಡುವೆ ಎಷ್ಟು ದೂರವೋ ನನ್ನ ಕುರ್ಚಿಯೂ ಅಷ್ಟೇ ದೂರ. ಸ್ಟ್ಯಾಂಡಿನ ಟೊಳ್ಳು ಕಂಬದೊಳಗೆ ಮರಳು ತುಂಬಿದರೆ ಅದು ನಡುಗುವುದಿಲ್ಲ, ಮರಳಿಗೆ ನಮ್ಮಲ್ಲಿ ಬರವೂ ಇಲ್ಲ. ಆದರೆ ಜುಬೈಲಿನ ಕರಾವಳಿಯ ಸಬ್ಖಾ ಮರಳಿನಲ್ಲಿ ಉಪ್ಪು ತುಂಬಿರುತ್ತದೆ, ಕಬ್ಬಿಣ ತಿಂದುಹಾಕುತ್ತದೆ. ಒಳನಾಡಿನ ದಿಬ್ಬದ ಮರಳು ತಂದು, ತೊಳೆದು, ಚೆನ್ನಾಗಿ ಒಣಗಿಸಿ ತುಂಬಿ.

ಹೀಗೆ ಕೂತು ಕೇಳಿದ ಮೊದಲ ದನಿ ಗುಂಡ್ಮಿ ಕಾಳಿಂಗ ನಾವಡರದು. 1990ರಲ್ಲಿ, ಮೂವತ್ತೆರಡು ತುಂಬುವ ಮೊದಲೇ ಹೋದ ಯಕ್ಷಗಾನ ಭಾಗವತರು. ನಮಗೆ ಉಳಿದದ್ದು ಕ್ಯಾಸೆಟ್‌ಗಳು. ಅಲ್ಲಿಯವರೆಗೆ ನನಗೆ ಆ ಧ್ವನಿಮುದ್ರಣವೆಂದರೆ ಚೆಂಡೆಯ ಅಬ್ಬರ, ಅದರ ಹಿಂದೆಲ್ಲೋ ಒಂದು ಕೂಗು. ಈಗ ಚೆಂಡೆ ಒಂದು ಪಕ್ಕಕ್ಕೆ ಸರಿದು ನಿಂತಿತು. ಕೋಲು ಚರ್ಮಕ್ಕೆ ಬೀಳುವ ಏಟು ಬೇರೆ, ಆಮೇಲಿನ ನಾದ ಬೇರೆ ಎಂದು ತಿಳಿಯಿತು. ಮದ್ದಳೆ ಅದರ ಕೆಳಗೆ ತನ್ನ ಪಾಡಿಗೆ ನಡೆಯುತ್ತಿತ್ತು. ಪದ್ಯದ ಸಾಹಿತ್ಯ ಅಕ್ಷರ ಅಕ್ಷರ ಬಂತು. ಸಾಲಿನ ಕೊನೆಯಲ್ಲಿ ಭಾಗವತರು ದನಿ ಎಳೆದು, ತಾಳ ಹಾಕಲು ತುಸು ಕಾಯುವುದೂ ಕೇಳಿತು. ರಜೆಯಲ್ಲಿ ಬಂದಿದ್ದ ನನ್ನ ಅಪ್ಪಯ್ಯ ಒಳಕೋಣೆಯಿಂದ ಎದ್ದು ಬಂದು, ‘ಇದು ಯಾವ ಮೇಳದ್ದು ಮಾರಾಯಾ?’ ಎಂದು ನೆಲದ ಮೇಲೆ ಕೂತವರು ಆಟ ಮುಗಿಯುವವರೆಗೆ ಏಳಲಿಲ್ಲ. ಆಟ ನೋಡಲೆಂದೇ 25 ಕಿಲೋಮೀಟರಿನ ಸೇತುವೆ ದಾಟಿ ಬಹರೈನ್ ಕನ್ನಡ ಸಂಘಕ್ಕೆ ಹೋಗಿಬರುವ ನಮ್ಮವರು, ಆಟದ ಕ್ಯಾಸೆಟ್ಟನ್ನು ಮಾತ್ರ ಶೋಕೇಸಿನ ಗೂಡಿನೊಳಗೆ ತುರುಕಿದ ಸ್ಪೀಕರಿನಲ್ಲಿ ಕೇಳುತ್ತಾರೆ ಎಂಬುದು ನನ್ನ ಹೊಟ್ಟೆಯುರಿ.

ಊರಿನಿಂದ ಸಾಮಾನು ತರುವವರು ಕರೆಂಟಿನ ಬಗ್ಗೆ ಎಚ್ಚರವಿರಲಿ. ಇಲ್ಲಿನ ವಿದ್ಯುತ್ತು 60 ಹರ್ಟ್ಸ್, ನಮ್ಮೂರಿನದು 50. ಹಳೆಯ ಕಟ್ಟಡಗಳಲ್ಲಿ 127 ವೋಲ್ಟಿನ ಪ್ಲಗ್ಗುಗಳೂ ಇವೆ. ಸ್ಪೀಕರಿಗೆ ಇದರಿಂದ ಏನೂ ಆಗದು, ಹಳೆಯ ರೆಕಾರ್ಡ್ ಪ್ಲೇಯರಿಗೆ ಆಗುತ್ತದೆ. ಅದರ ಮೋಟಾರು ಕರೆಂಟಿನ ಲೆಕ್ಕಕ್ಕೆ ತಿರುಗುವಂಥದ್ದಾದರೆ ನಿಮಿಷಕ್ಕೆ 33⅓ ಸುತ್ತಬೇಕಾದ ತಟ್ಟೆ 40 ಸುತ್ತುತ್ತದೆ. ಧಾರವಾಡದ ಗೆಳೆಯರೊಬ್ಬರು ತಮ್ಮ ತಂದೆಯ ಕಾಲದ ಪ್ಲೇಯರನ್ನು ಹೊತ್ತು ತಂದು ಮಲ್ಲಿಕಾರ್ಜುನ ಮನ್ಸೂರರನ್ನು ಹಚ್ಚಿದರು. ಶ್ರುತಿ ಮೂರು ಮನೆ ಮೇಲಕ್ಕೆ ಹಾರಿತ್ತು. ಕಪ್ಪು ಒಂದರಲ್ಲಿ ಹಾಡಿದ್ದಾದರೆ ಬಿಳಿ ಮೂರು! ಇಪ್ಪತ್ತು ನಿಮಿಷದ ರಾಗ ಹದಿನೇಳು ನಿಮಿಷದೊಳಗೆ ಮುಗಿಯಿತು. ಮೋಟಾರಿನ ರಾಟೆ ಬದಲಿಸಿದರೆ ಸರಿಹೋಗುತ್ತದೆ. ಅದಾಗುವವರೆಗೆ ಅವರ ಮನೆಯಲ್ಲಿ ಮನ್ಸೂರರು ಆಫೀಸಿಗೆ ತಡವಾದವರಂತೆ ಹಾಡುತ್ತಿದ್ದರು.

ಇನ್ನು ಹಳೆಯ ಸ್ಪೀಕರ್ ಕೊಳ್ಳುವಾಗ ಕೋನಿನ ಅಂಚನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ಫೋಮಿನ ಅಂಚಾದರೆ ಸೆಕೆಗೂ ವಯಸ್ಸಿಗೂ ಒಳಗೊಳಗೇ ಲಡ್ಡಾಗಿ, ಮುಟ್ಟಿದರೆ ಹಿಟ್ಟಾಗಿ ಉದುರುತ್ತದೆ. ರಬ್ಬರಿನದು ತಾಳುತ್ತದೆ. ಉದುರಿದರೂ ಎಸೆಯಬೇಡಿ, ಅಂಚು ಮಾತ್ರ ಹೊಸದು ಅಂಟಿಸಬಹುದು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ವಿಚಾರಿಸಿದರೆ ಕೆಲಸ ಗೊತ್ತಿದ್ದವರು ಸಿಗುತ್ತಾರೆ.

ಒಂದು ವರ್ಗದ ಗೆಳೆಯರನ್ನು ಬೇರೆಯಾಗಿ ಕರೆದು ಹೇಳಬೇಕು. 2017ರ ಜುಲೈಯಿಂದ ಜೊತೆಗಿರುವ ಕುಟುಂಬದವರಿಗೆ ತಲೆಗೆ ತಿಂಗಳಿಗೆ ನೂರು ರಿಯಾಲ್ ಶುಲ್ಕ ಬಂತು, ವರ್ಷ ವರ್ಷ ಏರಿ 2020ಕ್ಕೆ ನಾನೂರಾಯಿತು. ಎಷ್ಟೋ ಮಂದಿ ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿ ಬ್ಯಾಚುಲರ್ ರೂಮಿಗೆ ಬಂದಿರಿ. ಹಾಲಿನ ಸಾಮಾನು ಸಿಕ್ಕಿದ ರೇಟಿಗೆ ಹೋಯಿತು, ಕಿವಿಗೆ ಇಯರ್‌ಫೋನ್ ಬಂತು. ನಾಲ್ಕು ಮಂಚದಲ್ಲಿ ನಾಲ್ಕು ಜನ, ನಾಲ್ಕು ಬೇರೆ ಹಾಡು. ನಿಮಗೆ ನಾನು ಹೇಳುವುದು: ನಿಮ್ಮ ರೂಮೇ ಈ ಕೆಲಸಕ್ಕೆ ಹೇಳಿಮಾಡಿಸಿದ್ದು. ಸಣ್ಣದು, ಮಂಚ, ಹಾಸಿಗೆ, ಕಂಬಳಿ, ಗೂಟಕ್ಕೆ ನೇತುಹಾಕಿದ ಬಟ್ಟೆ ತುಂಬಿದ್ದು. ಸೇಬಿನ್ ನೋಡಿದ್ದರೆ ಖುಷಿಪಡುತ್ತಿದ್ದ. ಒಂದು ಜೊತೆ ಸಣ್ಣ ಸ್ಪೀಕರನ್ನು ನಾಲ್ವರೂ ಸೇರಿ ಕೊಂಡರೆ ತಲೆಗೆ ಬೀಳುವ ಖರ್ಚು ಒಂದು ಒಳ್ಳೆಯ ಇಯರ್‌ಫೋನಿನಷ್ಟೇ. ಯಾವ ಹಾಡು ಎಂಬ ಜಗಳ ಆಗುತ್ತದೆ, ಆಗಲಿ.

ಜೋರಾಗಿ ಹಾಕದೆ ಆಗಸ್ಟಿನ ಎಸಿಯ ಗೊರಗೊರದ ಮೇಲೆ ಕೇಳುವುದು ಹೇಗೆ ಎನ್ನುತ್ತೀರಿ. ಅದಕ್ಕೇ ಹತ್ತಿರ ಕೂರಿ ಎಂದದ್ದು. ನಿಜವಾಗಿ ಕೇಳುವ ಕಾಲ ಡಿಸೆಂಬರ್, ಜನವರಿ. ಎಸಿ ಆರಿಸಿದ ರಾತ್ರಿಗಳಲ್ಲಿ ಅರ್ಧ ವ್ಯಾಟೂ ಧಾರಾಳ. ತಗ್ಗು ಸ್ವರ ಗೋಡೆ ತೂರಿ ಪಕ್ಕದವರ ಮಲಗುವ ಕೋಣೆಗೆ ಹೋಗುತ್ತದೆ ಎಂಬುದನ್ನೂ ನೆನಪಿಡಿ. ಅಜಾನ್ ಕೇಳಿದಾಗ ನಿಲ್ಲಿಸುವ ವಾಡಿಕೆ ನಮ್ಮ ಮನೆಗಳಲ್ಲೆಲ್ಲ ಇದ್ದೇ ಇದೆ. 2021ರಲ್ಲಿ ಈ ದೇಶದ ಸರ್ಕಾರ ಮಸೀದಿಯ ಹೊರಗಿನ ಧ್ವನಿವರ್ಧಕಗಳಿಗೇ ಗರಿಷ್ಠದ ಮೂರನೇ ಒಂದು ಭಾಗ ಮೀರಬಾರದು ಎಂದು ಮಿತಿ ಹಾಕಿತು. ಹಾಗಿರುವಾಗ ನಮ್ಮ ಸಾವಿರ ವ್ಯಾಟಿಗೆ ಯಾವ ಸಮಜಾಯಿಷಿ ಕೊಡುವುದು?

ಹೊಸದು ಕೊಳ್ಳುವ ಆಲೋಚನೆ ಇದ್ದವರು ಮೊದಲು ಒಂದು ಕೆಲಸ ಮಾಡಿ. ಬರುವ ಶುಕ್ರವಾರ ಇದ್ದ ಸ್ಪೀಕರನ್ನೇ ಶೋಕೇಸಿನಿಂದ ಹೊರಗೆ ತೆಗೆದು, ಎರಡು ಸ್ಟೂಲಿನ ಮೇಲಿಟ್ಟು, ಮಲಗುವ ಕೋಣೆಯ ಕಾರ್ಪೆಟ್ಟನ್ನು ಹಾಲಿಗೆ ಎಳೆದು ಹಾಸಿ, ಗೊತ್ತಿರುವ ಒಂದು ಹಾಡು ಕೇಳಿ. ಆಮೇಲೂ ದೊಡ್ಡದು ಬೇಕೆನಿಸಿದರೆ ನಾನೇ ಅಂಗಡಿಗೆ ಜೊತೆ ಬರುತ್ತೇನೆ.

ನನಗೂ ಒಂದು ದಿನ ಎಕ್ಸಿಟ್ ಬರುತ್ತದೆ. ಈ ಜೋಡಿಯನ್ನು ಊರಿಗೆ ಒಯ್ಯುವುದಿಲ್ಲ. ನಮ್ಮ ಮನೆಯ ಮಳೆಗಾಲದ ತೇವಕ್ಕೆ ಅದನ್ನು ಒಡ್ಡಲು ಮನಸ್ಸಿಲ್ಲ. ನಾನು ಕೊಟ್ಟ ಬೆಲೆಗೇ ಇಲ್ಲಿನ ಯಾರಿಗಾದರೂ ಕೊಡುತ್ತೇನೆ. ಬೇಕಾದವರು ಈಗಲೇ ಹೆಸರು ಹೇಳಿ, ಜೊತೆಗೆ ನಿಮ್ಮ ಹಾಲಿನ ಉದ್ದ, ಅಗಲ, ಎತ್ತರ ಬರೆದು ಕಳಿಸಿ, ನೆಲಕ್ಕೆ ಏನು ಹಾಸಿದ್ದೀರಿ ಎಂಬುದನ್ನೂ.

ಇತಿ ನಿಮ್ಮವ,
ಜುಬೈಲಿನ ಒಬ್ಬ ಕೇಳುಗ